ಜಗಲಿಯಲ್ಲಿ ಬಿಟ್ಟ ಜಾಗ

ನನಗೊಬ್ಬಳು ಅಕ್ಕ ಇದ್ದಳು ಎಂಬುದು ಗೊತ್ತಾದಾಗ ನನಗೆ ಮೂವತ್ತೈದು ವರ್ಷ. ಗೊತ್ತಾದದ್ದು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಅಲರ್ಜಿ ನೋಡುವ ಡಾಕ್ಟರ ಕೋಣೆಯ ಹೊರಗೆ, ನೀಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೂತಿದ್ದಾಗ.

ಅಲ್ಲಿಗೆ ಹೋದದ್ದು ಮಗಳಿಗಾಗಿ. ಅವಳಿಗೆ ಆಗ ಮೂರೂವರೆ ವರ್ಷ. ಎರಡು ಸಾವಿರದ ಐದರ ಕ್ರಿಸ್ಮಸ್ಸಿಗೆ ಪಕ್ಕದ ಮನೆಯವರು ಕುಸ್ವಾರ್ ಕಳಿಸಿದ್ದರು. ಹಬ್ಬಕ್ಕೆಂದು ನಮ್ಮವರು ಮಾಡಿ ಮನೆಮನೆಗೆ ಹಂಚುವ ಸಿಹಿತಿಂಡಿಗಳಿಗೆ ಆ ಹೆಸರು. ತಟ್ಟೆಯಲ್ಲಿದ್ದ ಕರ್ಜಿಕಾಯಿಯನ್ನು ಮಗಳು ಒಂದೇ ಒಂದು ಸಲ ಕಚ್ಚಿದಳು. ತೆಂಗಿನ ತುರಿ, ಎಳ್ಳಿನ ಜೊತೆ ಅದರೊಳಗೆ ಗೇರುಬೀಜದ ಚೂರುಗಳಿದ್ದವು. ಐದು ನಿಮಿಷದೊಳಗೆ ಅವಳ ತುಟಿ ಊದಿತು, ಕಣ್ಣು ಮುಚ್ಚಿಹೋಗುವಷ್ಟು ರೆಪ್ಪೆ ಬಾತುಕೊಂಡಿತು, ಕುತ್ತಿಗೆಯ ಮೇಲೆಲ್ಲ ಕೆಂಪು ದದ್ದು ಎದ್ದಿತು. ನನ್ನ ಹೆಂಡತಿ ಕೂಗಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಮಾತ್ರ ಕೂಗಲಿಲ್ಲ, ಗಾಬರಿಯೂ ಬೀಳಲಿಲ್ಲ. ತುಂಬ ವರ್ಷಗಳ ನಂತರ ಊರಿಗೆ ಬಂದವರ ಗುರುತು ಹಿಡಿಯುವವಳ ಹಾಗೆ ಆ ಮುಖವನ್ನು ನೋಡುತ್ತ ನಿಂತಿದ್ದಳು. ಆಮೇಲೆ, "ಬಾಯಿ ತೊಳೆಯಿರಿ. ಬೇಗ ಕುಂಬಳೆಗೆ ಕರೆದುಕೊಂಡು ಹೋಗಿ" ಅಂದಳು. ಕುಂಬಳೆಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಮಗಳ ಮುಖ ಮತ್ತೆ ಮಗಳ ಮುಖವಾಯಿತು.

ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಗೇರುಬೀಜವೇ ಕಾರಣ ಎಂದು ಖಚಿತವಾಗಿ ಹೇಳಿದರು. "ಒಂದು ಚೂರೂ ಬಾಯಿಗೆ ಹೋಗಬಾರದು. ಇಂಥ ತೊಂದರೆ ಕೆಲವು ಕುಟುಂಬಗಳಲ್ಲಿ ಬರುವುದುಂಟು. ನಿಮ್ಮ ಮನೆಯಲ್ಲಿ ಮೊದಲು ಯಾರಿಗಾದರೂ ಹೀಗೆ ಆಗಿತ್ತಾ?"

"ಇಲ್ಲ" ಅಂದೆ. ಹೆಂಡತಿಯೂ ಇಲ್ಲವೆಂದಳು. ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಸೆರಗಿನ ತುದಿಯನ್ನು ನೋಡುತ್ತಿದ್ದಳು.

ಹೊರಗೆ ಬಂದು ಔಷಧದ ಚೀಟಿಗಾಗಿ ಕಾಯುತ್ತಿದ್ದಾಗ ಅವಳು ನನ್ನ ಮುಖ ನೋಡದೆ ಹೇಳಿದಳು. "ಆಗಿತ್ತು. ನಿನ್ನ ಅಕ್ಕನಿಗೆ."

"ಯಾವ ಅಕ್ಕ?"

"ನೀನು ಹುಟ್ಟುವ ಮೊದಲು ಇದ್ದಳು."

ನಮ್ಮ ಮನೆಯ ಮಾತು ಕೊಂಕಣಿ. ಅಮ್ಮ ಹೇಳಿದ್ದನ್ನೆಲ್ಲ ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊಂಕಣಿಯಲ್ಲಿ ಅದು ಇನ್ನೂ ಚಿಕ್ಕದಾಗಿತ್ತು. ಹೆಚ್ಚು ಮಾತಾಡುವ ಹೆಂಗಸಲ್ಲ ಅವಳು.

ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು, ಉಪ್ಪಳ ದಾಟಿದ ಮೇಲೆ ಉಳಿದದ್ದನ್ನು ಹೇಳಿದಳು. ಅಕ್ಕನಿಗೆ ಐದು ವರ್ಷ. ಬರುವ ಜೂನಿನಲ್ಲಿ ಶಾಲೆಗೆ ಹಾಕಬೇಕೆಂದಿದ್ದರು, ಸ್ಲೇಟೂ ತಂದಾಗಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಂಗಳದಲ್ಲಿ ಅಮ್ಮ ಗೇರುಬೀಜ ಸುಡುತ್ತಿದ್ದಳು. ಅದಕ್ಕೆ ಮೊದಲು ಅಕ್ಕ ಬೀಜ ತಿಂದವಳಲ್ಲ, ಹಲ್ಲು ಗಟ್ಟಿಯಾಗಲಿ ಎಂದು ಕೊಡದೆ ಇದ್ದರಂತೆ. ಆ ದಿನ ಒಂದು ಬೀಜ ಬಿಡಿಸಿ ಅವಳ ಕೈಯಲ್ಲಿಟ್ಟಳು. ತಿಂದ ಕೂಡಲೇ ಹುಡುಗಿ ನಾಲಿಗೆ ತುರಿಸುತ್ತದೆಂದು ಅಳತೊಡಗಿದಳು.

"ಅಳು ನಿಲ್ಲಲಿ ಅಂತ ಇನ್ನೆರಡು ಕೊಟ್ಟೆ" ಅಂದಳು ಅಮ್ಮ.

ಬಸ್ಸು ಹೊಸಂಗಡಿಯಲ್ಲಿ ಹತ್ತಿದ ಜನರಿಂದ ತುಂಬಿತ್ತು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಅಮ್ಮ ಅವಳ ಕಾಲಿಗೆ ಸೆರಗು ಹೊದಿಸಿದಳು. ಮತ್ತೆ ಹೇಳಿದಳು. "ಮಟಮಟ ಮಧ್ಯಾಹ್ನ ಗುಡ್ಡದ ಕಲ್ಲುಪಾರೆಯ ಮೇಲೆ ಆಡಿ ಬಂದಿದ್ದಾಳೆ, ಎಂತದೋ ಸೋಂಕಿದೆ ಅಂತ ಎಲ್ಲರೂ ಹೇಳಿದರು. ಒಬ್ಬಳು ಉಪ್ಪು ಮೆಣಸು ನಿವಾಳಿಸಿದಳು. ನಾನೂ ಹಾಗೇ ಅಂದುಕೊಂಡೆ. ಇವತ್ತು ಆ ಡಾಕ್ಟರು ಹೇಳುವ ತನಕ ಹಾಗೇ ಅಂದುಕೊಂಡಿದ್ದೆ."

ನಾನು ಬೆಳೆದ ಮನೆಯಲ್ಲಿ ಗೇರುಬೀಜದ ವಾಸನೆ ಇರಲಿಲ್ಲ. ಹಿತ್ತಿಲಿನ ಗುಡ್ಡದ ತುಂಬ ಗೇರು ಮರಗಳು. ಬದುಕಿರುವ ತನಕ ಅಪ್ಪ ಬೀಜವನ್ನು ಹಸಿಯಾಗಿಯೇ ಗೋಣಿಯಲ್ಲಿ ತುಂಬಿ ಮಾರಿ ಬರುತ್ತಿದ್ದರು. ಬೇರೆಯವರ ಅಂಗಳದಲ್ಲಿ ಬೀಜ ಸುಡುವ ಹೊಗೆ ಎದ್ದರೆ ಅಮ್ಮ ಕಿಟಕಿ ಮುಚ್ಚುತ್ತಿದ್ದಳು. ಹೊಗೆಗೆ ತಲೆನೋವು ಬರುತ್ತದೆ ಅನ್ನುತ್ತಿದ್ದಳು. ನಾನು ಅದನ್ನೇ ನಂಬಿದ್ದೆ.

ಮನೆಗೆ ಬಂದ ಮೇಲೆ ಅಮ್ಮ ತನ್ನ ಟ್ರಂಕಿನ ತಳದಿಂದ ಒಂದು ಫೋಟೊ ತೆಗೆದು ಕೊಟ್ಟಳು. ನಾನು ಸೀತಾಂಗೋಳಿಯಲ್ಲಿ ಸಣ್ಣದೊಂದು ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವವನು. ಊರಿನ ಅರ್ಧ ಮದುವೆಗಳ ಆಲ್ಬಮ್ಮು ನನ್ನದು. ನನ್ನದೇ ಮನೆಯ ಇಂಥ ಒಂದು ಫೋಟೊ ನಾನು ನೋಡಿರಲಿಲ್ಲ. ನಮ್ಮವರಲ್ಲಿ ಸಾವಿನ ಮನೆಗೆ ಫೋಟೊದವರನ್ನು ಕರೆಸಿ, ಶವಪೆಟ್ಟಿಗೆಯ ಸುತ್ತ ಮನೆಮಂದಿ ನಿಂತು ಫೋಟೊ ತೆಗೆಸುವ ಪದ್ಧತಿ ಇತ್ತು. ಇದೂ ಹಾಗೆಯೇ. ಇಪ್ಪತ್ತೈದರ ಆಸುಪಾಸಿನ ಅಪ್ಪ ಅಮ್ಮ, ನಡುವೆ ಸಣ್ಣ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಬಿಳಿ ಫ್ರಾಕು ಹಾಕಿದ ಹುಡುಗಿ. ತಲೆಯ ಮೇಲೆ ಹೂವಿನ ಕಿರೀಟ. ಎಲ್ಲರ ಮುಖವೂ ಸ್ವಲ್ಪ ಅಲುಗಿ ಮಸುಕಾಗಿತ್ತು, ಅಲುಗದೆ ಇದ್ದ ಅವಳ ಮುಖ ಮಾತ್ರ ಸ್ಪಷ್ಟ. ತುಟಿ ಊದಿತ್ತು. ರೆಪ್ಪೆ ಬಾತಿತ್ತು. ಮೂರು ವಾರದ ಹಿಂದೆ ನಾನು ಕೈಯಲ್ಲಿ ಎತ್ತಿಕೊಂಡು ಆಟೊ ಹತ್ತಿದ್ದ ಮುಖವೇ ಅದು.

ಫೋಟೊವನ್ನು ಹೆಂಡತಿಗೂ ತೋರಿಸಲಿಲ್ಲ. ಅಮ್ಮ ತಿರುಗಿ ತೆಗೆದುಕೊಂಡು ಟ್ರಂಕಿನಲ್ಲಿಟ್ಟಳು.

ಮಗಳನ್ನು ನಾಲ್ಕನೇ ಕ್ಲಾಸಿನ ತನಕ ಇರುವ ಹತ್ತಿರದ ಕನ್ನಡ ಎಲ್.ಪಿ. ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸುವಾಗ ಡಾಕ್ಟರ ಪತ್ರದ ಪ್ರತಿಯನ್ನು ಹೆಡ್‌ಮಾಸ್ಟರರಿಗೆ ಕೊಟ್ಟೆ. ಒಳ್ಳೆಯ ಮನುಷ್ಯ. ಓದಿ ನಕ್ಕರು. "ನಮ್ಮಲ್ಲಿ ಮಧ್ಯಾಹ್ನ ಅನ್ನ, ಹೆಸರುಕಾಳು ಅಷ್ಟೆ. ಗೇರುಬೀಜ ಎಲ್ಲಿಂದ ಬರ್ತದೆ ಮಾರಾಯ್ರೆ?"

ಬಂದದ್ದು ಒಂದು ಹುಟ್ಟುಹಬ್ಬದಿಂದ. ಶಾಲೆ ಸುರುವಾಗಿ ಎರಡು ತಿಂಗಳಾಗಿತ್ತು. ಕ್ಲಾಸಿನ ಹುಡುಗಿಯೊಬ್ಬಳು ಪೆಟ್ಟಿಗೆ ತುಂಬ ಬರ್ಫಿ ತಂದು ಎಲ್ಲರಿಗೂ ಹಂಚಿದಳು. ಬೆಳ್ಳಗೆ, ಚೌಕವಾಗಿ, ಮೇಲೊಂದು ತೆಳು ಬೆಳ್ಳಿ ಹಾಳೆ. ಗೇರುಬೀಜದ್ದೆಂದು ನೋಡಿದರೆ ತಿಳಿಯುವಂತಿರಲಿಲ್ಲ. ಮಗಳು ನಾಲಿಗೆ ತುರಿಸುತ್ತದೆಂದಾಗ ಟೀಚರ್ ನೀರು ಕುಡಿಯಲು ಕಳಿಸಿದರು. ನಳ್ಳಿ ಇದ್ದದ್ದು ಅಡುಗೆಕೋಣೆಯ ಪಕ್ಕ. ಅಡುಗೆಯ ಹೆಂಗಸು ಅವಳ ಮಾತು ಕೇಳಿ, "ಈ ಮಗುವಿನ ಸ್ವರವೇ ಬೇರೆ ಆಗಿದೆ" ಎಂದು ಎತ್ತಿಕೊಂಡು ರಸ್ತೆಗೆ ಓಡಿದಳಂತೆ. ಬ್ಯಾಗಿನಲ್ಲಿದ್ದ ಪತ್ರ ನೋಡಿ ಕಾಸರಗೋಡಿನ ಆಸ್ಪತ್ರೆಯವರು ತಡಮಾಡದೆ ಇಂಜೆಕ್ಷನ್ ಕೊಟ್ಟರು. ಎರಡು ದಿನ ಅಲ್ಲೇ ಇದ್ದೆವು. ಇನ್ನೊಂದು ಕಾಲು ಗಂಟೆ ತಡವಾಗಿದ್ದರೆ ಎಂದು ನರ್ಸು ಹೇಳಲು ಹೊರಟು, ಅಮ್ಮನ ಮುಖ ನೋಡಿ ಮಾತು ಬದಲಿಸಿದರು.

ಆ ವಾರವೇ ಶಾಲೆಯಲ್ಲಿ ಮಕ್ಕಳ ರಕ್ಷಕರ ಸಭೆ ಕರೆದರು. ಒಬ್ಬರು ಎದ್ದು, "ಒಂದು ಮಗುವಿಗೆ ಆಗುದಿಲ್ಲ ಅಂತ ಉಳಿದ ಮಕ್ಕಳು ಒಂದು ಮಿಠಾಯಿ ಸಹ ತಿನ್ನಬಾರದಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ದ್ವೇಷವೇನೂ ಇರಲಿಲ್ಲ. ನಾನೂ ಬೇರೆಯವರ ಮಗುವಿನ ವಿಷಯದಲ್ಲಿ ಹಾಗೇ ಕೇಳುತ್ತಿದ್ದೆನೋ ಏನೋ. ಹೆಡ್‌ಮಾಸ್ಟರರು ಸಭೆ ಮುಗಿಸಿದರು. ಮರುದಿನ ಅಡುಗೆಕೋಣೆಯ ಗೋಡೆಗೆ ಕೈಬರಹದ ಹಾಳೆಯೊಂದನ್ನು ಅಂಟಿಸಿದರು. ಮನೆಯಿಂದ ಸಿಹಿ ತರಬಾರದು. ಒಬ್ಬರ ತಟ್ಟೆಯಿಂದ ಇನ್ನೊಬ್ಬರು ತೆಗೆಯಬಾರದು. ಊಟದ ಮೊದಲೂ ನಂತರವೂ ಸಾಬೂನು ಹಾಕಿ ಕೈ ತೊಳೆಯಬೇಕು. ಓಣಂ ಪಾಯಸಕ್ಕೆ ಗೇರುಬೀಜ ಹಾಕುವಂತಿಲ್ಲ. ಹುಟ್ಟುಹಬ್ಬಕ್ಕೆ ಏನಾದರೂ ಕೊಡಲೇಬೇಕೆಂದಿದ್ದರೆ ಪೆನ್ಸಿಲ್ ಕೊಡಬಹುದು.

ಅದು ಶಾಲೆಯ ನಿಯಮ. ಅದಕ್ಕೆ ಅಮ್ಮ ತನ್ನದೊಂದನ್ನು ಸೇರಿಸಿದಳು.

ನನ್ನ ಹೆಂಡತಿಗೆ ಮುಳ್ಳೇರಿಯದ ಒಂದು ಬ್ಯಾಂಕಿನಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆ. ನನಗೆ ಸ್ಟುಡಿಯೊ. ಹಾಗಾಗಿ ಮಧ್ಯಾಹ್ನದ ಊಟವನ್ನು ಮನೆಯಿಂದಲೇ ಒಯ್ದು, ಮಗಳು ಉಂಡು ಮುಗಿಸುವ ತನಕ ಕಾದು ಬರುತ್ತೇನೆಂದು ಅಮ್ಮ ಹೇಳಿದಾಗ ನಮಗೆ ಸಮಾಧಾನವೇ ಆಯಿತು. ಮಕ್ಕಳು ಊಟಕ್ಕೆ ಕೂರುತ್ತಿದ್ದದ್ದು ಉದ್ದನೆಯ ಜಗಲಿಯಲ್ಲಿ, ಗೋಡೆಗೆ ಬೆನ್ನು ಮಾಡಿ, ಒಂದೇ ಸಾಲಿನಲ್ಲಿ. ಮೊದಲ ದಿನ ಅಮ್ಮ ಮಗಳನ್ನು ಮೂರನೇ ಕಂಬದ ಎದುರು ಕೂರಿಸಿದಳು. ಆಮೇಲೆ ಬಗ್ಗಿ, ತನ್ನ ಮೊಣಕೈಯನ್ನು ನೆಲಕ್ಕಿಟ್ಟು ಅವಳ ಎರಡು ಬದಿಗೂ ಒಂದೊಂದು ಮೊಳ ಅಳೆದು, ಸೀಮೆಸುಣ್ಣದಿಂದ ಗೀಟು ಹಾಕಿದಳು. "ಇದರೊಳಗೆ ಯಾರೂ ಬರಬಾರದು" ಎಂದು ಮಕ್ಕಳಿಗೆ ಹೇಳಿ ಕಂಬಕ್ಕೆ ಒರಗಿ ಕೂತಳು. ಅವಳ ಕನ್ನಡ ಅಷ್ಟು ಚೆನ್ನಾಗಿರಲಿಲ್ಲ, ಆದರೆ ಮಕ್ಕಳಿಗೆ ಅರ್ಥವಾಯಿತು.

ಕೆಲವು ದಿನ ಕಳೆದ ಮೇಲೆ ಗೀಟು ಬೇಕಾಗಲಿಲ್ಲ.

ಒಮ್ಮೆ ಸ್ಕಾಲರ್‌ಶಿಪ್ಪಿನ ಅರ್ಜಿಗೆ ಮಕ್ಕಳ ಫೋಟೊ ತೆಗೆಯಲು ಮಧ್ಯಾಹ್ನದ ಹೊತ್ತಿಗೆ ಶಾಲೆಗೆ ಹೋಗಿದ್ದೆ. ಗೇಟಿನ ಹತ್ತಿರ ಬಂದಾಗ ಇವತ್ತು ರಜೆಯೇ ಎಂದು ಅನುಮಾನವಾಯಿತು. ಅಷ್ಟು ಮೌನ. ಜಗಲಿಗೆ ಬಂದು ನೋಡಿದರೆ ಎಲ್ಲ ಮಕ್ಕಳೂ ಅಲ್ಲೇ ಇದ್ದರು, ತಲೆ ತಗ್ಗಿಸಿ ಉಣ್ಣುತ್ತಿದ್ದರು. ತಟ್ಟೆಗೆ ಉಗುರು ತಾಗುವ ಸದ್ದು ಮಾತ್ರ. ಅಮ್ಮ ಕಂಬದ ಬುಡದಲ್ಲಿ ಕೂತು ಮೆಲ್ಲನೆ ಏನೋ ಹೇಳುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು. ಇಡೀ ಸಾಲು ಒಟ್ಟಿಗೆ ತಲೆಯೆತ್ತಿ ನನ್ನ ಕಡೆ ನೋಡಿತು.

"ಅಜ್ಜಿ ಅಲ್ಲಿ ಎಂತ ಹೇಳ್ತಾರೆ?" ಎಂದು ಸಂಜೆ ಮಗಳನ್ನು ಕೇಳಿದೆ.

"ಕಥೆ."

ಯಾವ ಕಥೆಯೆಂದು ನಾನು ಕೇಳಲಿಲ್ಲ. ಬೈಬಲ್ಲಿನದೋ, ನರಿಯದೋ ಇರಬೇಕೆಂದುಕೊಂಡೆ.

ಮಗಳ ಹತ್ತಿರ ಬಂದರೆ ತಮಗೂ ಮುಖ ಊದುತ್ತದೆಂದು ಕೆಲವು ಮಕ್ಕಳು ನಂಬಿದ್ದರು. ಕೆಲವರು ತಮ್ಮಿಂದ ಅವಳು ಸಾಯುತ್ತಾಳೆಂದು ಹೆದರುತ್ತಿದ್ದರು. ಅವಳಿಗೆ ಪುಸ್ತಕ ಕೊಡುವ ಮೊದಲು ಕೈ ತೊಳೆದು ಬರುವವರಿದ್ದರು. ಅವಳ ಗೆಳತಿ ಒಂದು ಮೊಳ ದೂರದಲ್ಲಿ ನಿಂತು ಗುಟ್ಟು ಹೇಳುತ್ತಿದ್ದಳು, ಹಾಗಾಗಿ ಗುಟ್ಟು ಎಲ್ಲರಿಗೂ ಕೇಳಿಸುತ್ತಿತ್ತು. ವರ್ಷಕ್ಕೊಮ್ಮೆ ಕ್ಲಾಸಿನ ಗ್ರೂಪ್ ಫೋಟೊ ತೆಗೆಯುವವನು ನಾನೇ. "ಹತ್ತಿರ ಹತ್ತಿರ ನಿಲ್ಲಿ" ಎಂದು ಎಷ್ಟು ಹೇಳಿದರೂ ಮಗಳ ಎರಡು ಬದಿಯಲ್ಲಿ ತೆರವು ಹಾಗೇ ಉಳಿಯುತ್ತಿತ್ತು. ಬೇಸರವಾಗುತ್ತದಾ ಎಂದು ಕೇಳಿದರೆ ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ನಾಲ್ಕು ವರ್ಷ ಅವಳಿಗೆ ಏನೂ ಆಗಲಿಲ್ಲ. ಅಷ್ಟು ಸಾಕೆಂದು ನಾನು ಮುಂದೆ ಯೋಚಿಸಲು ಹೋಗಲಿಲ್ಲ.

ನಾಲ್ಕನೇ ಕ್ಲಾಸು ಮುಗಿಸಿ ಮಗಳು ಕುಂಬಳೆಯ ಶಾಲೆಗೆ ಸೇರಿದಳು. ಡಬ್ಬಿ ತಾನೇ ಒಯ್ಯುತ್ತಿದ್ದಳು, ಯಾರು ಏನು ಕೊಟ್ಟರೂ ಬೇಡವೆನ್ನಲು ಕಲಿತಿದ್ದಳು. ಜೂನ್ ಕಳೆದು ಜುಲೈ ಬಂದಿತ್ತು. ಒಂದು ದಿನ ಹಳೆಯ ಶಾಲೆಯ ಹೆಡ್‌ಮಾಸ್ಟರರು ಸ್ಟುಡಿಯೊಗೆ ಫೋನ್ ಮಾಡಿದರು.

"ನಿಮಗೆ ಗೊತ್ತುಂಟೋ ಇಲ್ಲವೋ ಅಂತ ಫೋನ್ ಮಾಡಿದ್ದು. ನಿಮ್ಮ ಅಮ್ಮ ಬಂದು ಕೂತಿದ್ದಾರೆ."

"ಎಲ್ಲಿ?"

"ಇಲ್ಲೇ, ಜಗಲಿಯಲ್ಲಿ. ಶಾಲೆ ಸುರುವಾದ ಲಾಗಾಯ್ತು ಬರ್ತಾ ಇದ್ದಾರೆ. ಹೇಳ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ."

ಸ್ಟುಡಿಯೊ ಮುಚ್ಚಿ ಹೋದೆ. ಮಕ್ಕಳು ಊಟಕ್ಕೆ ಕೂತಿದ್ದರು. ಅಮ್ಮ ಮೂರನೇ ಕಂಬಕ್ಕೆ ಒರಗಿದ್ದಳು. ಅವಳೆದುರು ಗೋಡೆಯ ಹತ್ತಿರ ಯಾರೂ ಇರಲಿಲ್ಲ, ಮಕ್ಕಳು ಆಚೆ ಈಚೆ ಸರಿದು ಕೂತಿದ್ದರು. ಅಮ್ಮ ಆ ಖಾಲಿ ನೆಲವನ್ನೇ ನೋಡುತ್ತಿದ್ದಳು. ಕಣ್ಣಿನಲ್ಲಿ ಗಲಿಬಿಲಿ ಇರಲಿಲ್ಲ, ಮರೆವೂ ಇರಲಿಲ್ಲ.

"ಅಮ್ಮಾ, ಮನೆಗೆ ಹೋಗುವ" ಅಂದೆ.

"ಸ್ವಲ್ಪ ತಾಳು. ಊಟ ಮುಗಿಯಲಿ" ಅಂದಳು.

ಮುಗಿಯುವ ತನಕ ನಾನೂ ನಿಂತೆ. ಮಕ್ಕಳೆಲ್ಲ ತಟ್ಟೆ ತೊಳೆಯಲು ಹೋದ ಮೇಲೂ ಒಂದೆರಡು ನಿಮಿಷ ಕೂತಿದ್ದು, ಸೆರಗು ಕೊಡವಿ ಎದ್ದಳು. ದಾರಿಯುದ್ದಕ್ಕೂ ಮಳೆಯ ಬಗ್ಗೆ ಮಾತಾಡಿದೆವು. ಮತ್ತೆ ಅವಳು ಹೋಗಲಿಲ್ಲ. ಮುಂದಿನ ವರ್ಷ ಜ್ವರ ಬಂದು, ಒಂದು ವಾರ ಮಲಗಿ, ತೀರಿಕೊಂಡಳು.

ಆ ಮೇಲೆ ಆ ಶಾಲೆಯ ಫೋಟೊದ ಕೆಲಸ ಬೇರೆ ಸ್ಟುಡಿಯೊದವರಿಗೆ ಹೋಯಿತು. ನಾನಾಗಿ ಕೇಳಲೂ ಇಲ್ಲ. ಹೆಡ್‌ಮಾಸ್ಟರರು ನಿವೃತ್ತರಾದರು. ಎಲ್.ಪಿ. ಶಾಲೆಯೆಂದರೆ ನಾಲ್ಕು ವರ್ಷಕ್ಕೆ ಮಕ್ಕಳೆಲ್ಲ ಬದಲಾಗುತ್ತಾರೆ. ಎರಡು ಸಾವಿರದ ಹದಿನಾರರಲ್ಲಿ ಹೊಸದಾಗಿ ಬಂದ ಹೆಡ್ ಟೀಚರ್ ನನ್ನನ್ನು ಕರೆಸಿದಾಗ, ನನ್ನ ಮಗಳನ್ನು ಕಂಡ ಒಂದು ಮಗುವೂ ಅಲ್ಲಿರಲಿಲ್ಲ. ಮಧ್ಯಾಹ್ನದ ಊಟದ ವರದಿಗೆ ನಾಲ್ಕು ಒಳ್ಳೆಯ ಫೋಟೊ ಬೇಕೆಂದು ಅವರು ಹೇಳಿದ್ದರು.

ಆ ದಿನ ಮೊಟ್ಟೆ ಕೊಡುವ ದಿನ. ಸಾಲಿನ ಒಂದು ತುದಿಯಲ್ಲಿ ನಿಂತು ಕ್ಯಾಮೆರಾ ಕಣ್ಣಿಗಿಟ್ಟೆ. ಒಂದೇ ಬಣ್ಣದ ಯೂನಿಫಾರ್ಮು, ಸ್ಟೀಲಿನ ತಟ್ಟೆ, ಅನ್ನದ ಮೇಲೆ ಬಿಳಿ ಮೊಟ್ಟೆ. ಸಾಲು ಮೂರನೇ ಕಂಬದ ಹತ್ತಿರ ಕಡಿದಿತ್ತು. ಅಲ್ಲಿ ಒಬ್ಬರು ಕೂರುವಷ್ಟು ಖಾಲಿ. ನೀರಿನ ಜಗ್ಗನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದ ಮಕ್ಕಳು ಅಲ್ಲಿಗೆ ಬಂದಾಗ ನೆಲಕ್ಕೆ ತಾಗಿಸದೆ, ಕೈ ಚಾಚಿ ಎತ್ತಿಕೊಡುತ್ತಿದ್ದರು.

"ಮಕ್ಕಳೇ, ಸ್ವಲ್ಪ ಹತ್ತಿರ ಕೂರಿ. ಮಧ್ಯೆ ಜಾಗ ಕಾಣ್ತದೆ" ಅಂದೆ.

ಯಾರೂ ಅಲುಗಲಿಲ್ಲ.

"ಇವರು ಯಾವಾಗಲೂ ಹೀಗೇ" ಎಂದು ಹೆಡ್ ಟೀಚರ್ ಮೆಲುದನಿಯಲ್ಲಿ ಹೇಳಿದರು. "ನಾನು ಬಂದಾಗಿನಿಂದ ಹೇಳಿ ಹೇಳಿ ಸಾಕಾಯ್ತು. ಪಂಕ್ತಿಭೇದ ಅಂತ ಯಾರಾದರೂ ತಿಳಿದುಕೊಂಡರೆ ಎಂತ ಮಾಡುದು ಹೇಳಿ."

ಜಾಗದ ಪಕ್ಕ ಕೂತಿದ್ದ ಎರಡನೇ ಕ್ಲಾಸಿನ ಹುಡುಗಿಯ ಎದುರು ಕುಕ್ಕರಗಾಲಿನಲ್ಲಿ ಕೂತೆ. "ಯಾಕೆ ಅಲ್ಲಿ ಕೂರುದಿಲ್ಲ?"

"ಅಲ್ಲಿ ಒಬ್ಬಳು ಉಂಟು."

"ಯಾರು?"

"ಬೀಜ ತಿಂದು ಸತ್ತವಳು."

ಅವಳು ನನ್ನ ಮಗಳು, ಸತ್ತಿಲ್ಲ, ಈಗ ಕುಂಬಳೆಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಿದ್ದಾಳೆ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹುಡುಗಿ ಕೆನ್ನೆ ತುಂಬ ಗಾಳಿ ತುಂಬಿಕೊಂಡು, ತುಟಿ ಉಬ್ಬಿಸಿ ತೋರಿಸಿ, "ಅವಳ ಮುಖ ಹೀಗುಂಟು" ಅಂದಳು. ಆಚೆ ಬದಿಯಲ್ಲಿದ್ದವಳು ಸೇರಿಸಿದಳು. "ಬಿಳಿ ಫ್ರಾಕು. ತಲೆಯಲ್ಲಿ ಹೂವಿನ ಕಿರೀಟ ಉಂಟು."

ಕ್ಯಾಮೆರಾ ಕೈಯಿಂದ ಜಾರದ ಹಾಗೆ ಅದರ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡೆ. ಆ ಫೋಟೊವನ್ನು ನಾನು ಯಾರಿಗೂ ತೋರಿಸಿದವನಲ್ಲ. ಅದು ಟ್ರಂಕಿನಲ್ಲಿತ್ತು.

ಅಡುಗೆಕೋಣೆಯಲ್ಲಿ ಇನ್ನೂ ಆ ಹೆಂಗಸೇ ಇದ್ದಳು, ಮಗಳನ್ನು ಎತ್ತಿಕೊಂಡು ರಸ್ತೆಗೆ ಓಡಿದವಳು. ಕೂದಲು ನೆರೆತಿತ್ತು. ಅಲ್ಲಿಗೆ ಹೋಗಿ ಕೇಳಿದೆ.

"ನಿಮಗೆ ಗೊತ್ತಿಲ್ವಾ?" ಅಂದಳು. "ನಿಮ್ಮ ಅಮ್ಮ ದಿನಾ ಅದನ್ನೇ ಹೇಳ್ತಿದ್ರಲ್ಲ. ನನ್ನ ಮಗಳು ಹೀಗಿದ್ದಳು, ಹೀಗೆ ಅತ್ತಳು, ಪೆಟ್ಟಿಗೆಯಲ್ಲಿ ಹೀಗೆ ಮಲಗಿದ್ದಳು ಅಂತ. ನಮ್ಮತ್ರ ಒಂದು ದಿನ ಸಹ ಹೇಳಿದವರಲ್ಲ, ಅಡುಗೆಕೋಣೆಯಲ್ಲಿ ಇದ್ದಾಗ ಕಿವಿಗೆ ಬಿದ್ದದ್ದು. ದೊಡ್ಡವರು ಯಾರಾದ್ರೂ ಹತ್ತಿರ ಹೋದರೆ ಬಾಯಿ ಮುಚ್ಚುತ್ತಿದ್ರು. ಮಕ್ಕಳತ್ರ ಮಾತ್ರ."

"ಮಕ್ಕಳು ಹೆದರುತ್ತಿರಲಿಲ್ವಾ?"

ಅವಳು ಪಾತ್ರೆ ಕೆಳಗಿಟ್ಟು ಸ್ವಲ್ಪ ಯೋಚಿಸಿದಳು. "ಸುರುವಿಗೆ ಹೆದರುತ್ತಿದ್ದವು. ಆಮೇಲೆ ಅಭ್ಯಾಸ ಆಯ್ತು. ದೊಡ್ಡ ಕ್ಲಾಸಿನವು ಸಣ್ಣವಕ್ಕೆ ಹೇಳಿಕೊಟ್ಟವು. ಈಗ ಒಂದನೆಗೆ ಬಂದ ಮಕ್ಕಳಿಗೆ ಅ ಆ ಬರುವ ಮೊದಲು ಅದು ಗೊತ್ತಿರ್ತದೆ."

ನಾಲ್ಕು ಫೋಟೊ ಹೇಗೋ ತೆಗೆದುಕೊಟ್ಟು ಬಂದೆ. ದಾರಿಯಲ್ಲಿ ನನ್ನನ್ನು ಕಾಡಿದ್ದು ಹೆದರಿಕೆಯೋ ನಾಚಿಕೆಯೋ ತಿಳಿಯಲಿಲ್ಲ. ಬಸ್ಸಿನಲ್ಲಿ ಒಮ್ಮೆ ಹೇಳಿದ್ದನ್ನು ಅಮ್ಮ ನನಗೆ ಎರಡನೇ ಸಲ ಹೇಳಲಿಲ್ಲ. ನಾನು ಕೇಳಲಿಲ್ಲವಲ್ಲ. ಮನೆಯಲ್ಲಿ ಇಷ್ಟು ವರ್ಷ ಅವಳ ಜೊತೆ ಉಂಡಿದ್ದೇನೆ, ಅಕ್ಕ ಹೇಗಿದ್ದಳು, ಏನು ಆಡುತ್ತಿದ್ದಳು ಎಂದು ಒಂದು ದಿನ ಕೇಳಬಹುದಿತ್ತು. ಆರು ವರ್ಷದ ಮಕ್ಕಳು ಕೈಯಲ್ಲಿ ಅನ್ನ ಹಿಡಿದು ಕೇಳಿದ್ದರು.

ಆ ಶನಿವಾರ ಮಗಳಿಗೆ ಎಲ್ಲವನ್ನೂ ಹೇಳಿದೆ. ಶಾಲೆಯಲ್ಲಿ ಅವಳು ಸತ್ತಿದ್ದಾಳೆ ಎಂಬ ಮಾತಿಗೆ ನಗುತ್ತಾಳೋ ಅಳುತ್ತಾಳೋ ಎಂದು ಅವಳ ಮುಖ ನೋಡುತ್ತಿದ್ದೆ. ಎರಡೂ ಮಾಡಲಿಲ್ಲ.

"ಅದು ನಾನಲ್ಲ ಪಪ್ಪಾ, ಅವಳು" ಅಂದಳು. "ಅಜ್ಜಿ ಎರಡು ಮೊಳ ಅಳೆದಿದ್ದರಲ್ಲ. ಬಲಗಡೆಯದ್ದು ನನಗೆ ಯಾರೂ ತಾಗಬಾರದು ಅಂತ. ಎಡಗಡೆಯದ್ದು ಅವಳಿಗೆ ಕೂರ್ಲಿಕ್ಕೆ."

"ನಿನಗೆ ಯಾರು ಹೇಳಿದ್ದು?"

"ಅಜ್ಜಿಯೇ. ಶಾಲೆಗೆ ಹೋಗಬೇಕು ಅಂತ ತುಂಬ ಆಸೆ ಇತ್ತಂತೆ ಅವಳಿಗೆ."

ನಾಲ್ಕು ವರ್ಷ ಮಗಳು ಅಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಾಳೆಂದು ನಾನು ಸಂಕಟಪಟ್ಟಿದ್ದೆ. ಒಬ್ಬಳೇ ಇದ್ದೆ ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. ಬೇಸರ ಇಲ್ಲವೆಂದು ಅವಳು ತಲೆಯಾಡಿಸುತ್ತಿದ್ದದ್ದು ನಿಜವಾಗಿಯೇ. ಇದು ತಿಳಿದ ಮೇಲೆ ನನಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಎದ್ದು ಹೋಗಿ, ಅಮ್ಮನ ಟ್ರಂಕು ಮುಚ್ಚಿಯೇ ಇದೆಯೇ ಎಂದು ನೋಡಿ ಬಂದೆ.

ತಾನು ಒಮ್ಮೆ ಶಾಲೆಗೆ ಹೋಗಿ ಬರುತ್ತೇನೆಂದು ಅವಳೇ ಹಟ ಹಿಡಿದಳು. ಹೆಡ್ ಟೀಚರಿಗೂ ಅದು ಬೇಕಾಗಿತ್ತು. ದೊಡ್ಡವರು ಹೇಳಿದರೆ ಕೇಳದ ಮಕ್ಕಳು, ಸತ್ತಳೆಂದು ತಾವು ನಂಬಿದವಳೇ ಎದುರು ಬಂದು ನಿಂತರೆ ಕೇಳಬಹುದು ಎಂದು ಅವರ ಲೆಕ್ಕ. ಅವಳಿಗೆ ರಜೆ ಇದ್ದ ಒಂದು ಕೆಲಸದ ದಿನ ಇಬ್ಬರೂ ಹೋದೆವು. ಅವಳ ಕೈಯಲ್ಲಿ ಅವಳದೇ ಊಟದ ಡಬ್ಬಿ.

ಮಕ್ಕಳು ಊಟಕ್ಕೆ ಕೂತಿದ್ದರು. ಹೆಡ್ ಟೀಚರ್ ಚಪ್ಪಾಳೆ ತಟ್ಟಿ, "ಇಲ್ಲಿ ನೋಡಿ ಮಕ್ಕಳೇ, ಈ ಅಕ್ಕನಿಗೇ ಬೀಜ ತಿಂದು ತೊಂದರೆ ಆದದ್ದು. ಅವರು ಸತ್ತಿಲ್ಲ. ಆಸ್ಪತ್ರೆಗೆ ಹೋಗಿ ಸರಿ ಆಯಿತು. ಗೊತ್ತಾಯ್ತಾ?" ಅಂದರು.

ಮಕ್ಕಳು ಮಗಳನ್ನು ಮೇಲಿಂದ ಕೆಳಗೆ ನೋಡಿದರು.

"ಇವರಲ್ಲ" ಎಂದು ಎರಡನೇ ಕ್ಲಾಸಿನ ಆ ಹುಡುಗಿ ಖಂಡಿತವಾಗಿ ಹೇಳಿದಳು. "ಅವಳು ಸಣ್ಣವಳು."

ಮಗಳು ಒಪ್ಪಿಕೊಂಡಳು. "ಹೌದು. ಅವಳು ಸಣ್ಣವಳು. ನಾನು ಅವಳ ಪಕ್ಕ ಕೂರುತ್ತಿದ್ದವಳು."

ಅಷ್ಟು ಹೇಳಿ ಹೋಗಿ ಮೂರನೇ ಕಂಬದೆದುರು, ಖಾಲಿ ಜಾಗಕ್ಕೆ ತಾಗಿಕೊಂಡು ಕೂರಲು ನೋಡಿದಳು. ಎರಡನೇ ಕ್ಲಾಸಿನವಳು ತಟ್ಟೆ ಎತ್ತಿಕೊಂಡು ಸರಿದು ಜಾಗ ಕೊಟ್ಟಳು. ಸಾಲು ಪೂರ್ತಿ ಒಬ್ಬೊಬ್ಬರಾಗಿ ಸರಿಯಿತು, ಸದ್ದಿಲ್ಲದೆ. ಹೆಡ್ ಟೀಚರ್ ನನ್ನ ಮುಖ ನೋಡಿದರು. ಇದು ಅವರು ಎಣಿಸಿದ ಹಾಗೆ ನಡೆಯುತ್ತಿರಲಿಲ್ಲ.

ಮಗಳು ಡಬ್ಬಿ ತೆರೆದು ಉಣ್ಣತೊಡಗಿದಳು. ಉಣ್ಣುತ್ತ ಮಕ್ಕಳ ಜೊತೆ ಮಾತಾಡಿದಳು. ತನಗೆ ಆ ದಿನ ನಾಲಿಗೆ ಹೇಗೆ ತುರಿಸಿತು, ಗಂಟಲು ಹೇಗೆ ಬಿಗಿಯಿತು, ಯಾರಿಗಾದರೂ ಹಾಗಾದರೆ ನೀರು ಕುಡಿಸಿ ಸುಮ್ಮನಿರಬಾರದು, ಓಡಿ ಹೋಗಿ ಟೀಚರಿಗೆ ಹೇಳಬೇಕು ಎಂದಳು. "ಮುಟ್ಟಿದರೆ ನಿಮಗೆ ಎಂತ ಸಹ ಆಗುದಿಲ್ಲ" ಎಂದು ಕೈ ಚಾಚಿದಳು. ಯಾರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ನಂತರ ಸಾಲಿನ ಕೊನೆಯಿಂದ ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು, "ನನಗೆ ಮೊಟ್ಟೆ ತಿಂದರೆ ಹಾಗೆ ಆಗ್ತದೆ" ಅಂದಳು. ಹೆಡ್ ಟೀಚರಿಗೆ ಅದು ಗೊತ್ತಿರಲಿಲ್ಲ. ಮೊಟ್ಟೆ ಕೊಟ್ಟ ದಿನ ಅವಳು ಅದನ್ನು ಸ್ಕರ್ಟಿನ ಕಿಸೆಯಲ್ಲಿ ಹಾಕಿಕೊಂಡು ಹೋಗಿ ದಾರಿಯ ನಾಯಿಗೆ ಕೊಡುತ್ತಿದ್ದಳಂತೆ. ಹೇಳಿದರೆ ತನಗೂ ಆ ಜಾಗದಲ್ಲಿ ಕೂರಬೇಕಾಗುತ್ತದೆಂಬ ಹೆದರಿಕೆಯಿಂದ ಹೇಳಿರಲಿಲ್ಲ.

ಆ ಮಗುವಿನ ಮನೆಯವರನ್ನು ಕರೆಸಿ ಮಾತಾಡುತ್ತೇನೆಂದು ಹೆಡ್ ಟೀಚರ್ ಹೇಳಿದರು. ಮಗಳು ಡಬ್ಬಿ ತೊಳೆದುಕೊಂಡಳು. ನಾವು ಮನೆಗೆ ಬಂದೆವು.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಹೆಡ್ ಟೀಚರ ಫೋನ್ ಬಂತು. ಸ್ವರದಲ್ಲಿ ಸಿಟ್ಟಿರಲಿಲ್ಲ.

"ಇವತ್ತು ಎರಡು ಜಾಗ ಬಿಟ್ಟಿದ್ದಾರೆ" ಅಂದರು.

ಕೈಯಲ್ಲಿದ್ದ ಫೋಟೊ ಕವರನ್ನು ಮೇಜಿನ ಮೇಲಿಟ್ಟೆ.

"ಒಂದು ಸಣ್ಣದು, ಒಂದು ಸ್ವಲ್ಪ ದೊಡ್ಡದು. ಮತ್ತೆ ಒಂದು ವಿಷಯ ಉಂಟು. ಆ ಮೊಟ್ಟೆ ಆಗದ ಮಗು ಇದ್ದಾಳಲ್ಲ, ಅವಳನ್ನು ಎರಡರ ಮಧ್ಯೆ ಕೂರಿಸಿದ್ದಾರೆ. ನಾನು ಹೇಳಿದ್ದಲ್ಲ. ಅವರಾಗಿಯೇ."

"ಅವಳು ಅಳ್ತಾ ಇದ್ದಾಳಾ?"

"ಇಲ್ಲ. ಉಣ್ತಾ ಇದ್ದಾಳೆ. ಆ ಕಡೆ ಈ ಕಡೆ ತಿರುಗಿ ಎಂತದೋ ಮಾತಾಡ್ತಾ ಉಣ್ತಾ ಇದ್ದಾಳೆ."